ಎರಡು ಅಕ್ಷರ ಜಾಗ ಬದಲಿಸಿದಾಗ

ಆ ಪದದಲ್ಲಿ ಇದ್ದದ್ದು ಆರೇ ಅಕ್ಷರ. ‘ಕಾಸಲ್’. ಸಿ, ಎ, ಯು, ಎಸ್, ಎ, ಎಲ್. ನಾನು ಓದಿಕೊಂಡದ್ದು ‘ಕ್ಯಾಶುವಲ್’. ಅದರಲ್ಲಿರುವುದೂ ಅವೇ ಆರು ಅಕ್ಷರ. ನಡುವಿನ ಯು ಮತ್ತು ಎಸ್ ಜಾಗ ಬದಲಿಸಿಕೊಂಡಿರುತ್ತವೆ, ಅಷ್ಟೇ.

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕೆಲಸ. ಅವತ್ತು ಕೈಯಲ್ಲಿದ್ದದ್ದು ಆರೋಗ್ಯದ ಬಗ್ಗೆ ಒಂದು ಸಣ್ಣ ಪುಸ್ತಕ. ಹೊಗೆ ಸೇದುವುದಕ್ಕೂ ಶ್ವಾಸಕೋಶದ ಕಾಯಿಲೆಗೂ ಇರುವ ನಂಟಿನ ಬಗ್ಗೆ ಅದರಲ್ಲಿ ಒಂದು ಸಾಲಿತ್ತು. ಒಂದು ಇನ್ನೊಂದಕ್ಕೆ ಕಾರಣ ಎಂದು ಮೂಲದಲ್ಲಿ ಸ್ಪಷ್ಟವಾಗಿಯೇ ಹೇಳಿದ್ದರು. ನಾನು ಬರೆದದ್ದು, ಇವೆರಡರ ನಡುವೆ ಇರುವುದು ಆಗೊಮ್ಮೆ ಈಗೊಮ್ಮೆ ಕಾಣುವ ನಂಟು ಎಂದು. ಸಾಲಿನ ಅರ್ಥ ಪೂರ್ತಿ ತಲೆಕೆಳಗಾಗಿತ್ತು. ನಾನು ಎರಡು ಸಲ ಓದಿದ್ದೆ. ಇನ್ನೊಬ್ಬರು ಮೂಲದ ಜೊತೆ ಹೋಲಿಸಿ ನೋಡಿದ್ದರು. ಯಾರ ಕಣ್ಣಿಗೂ ಬೀಳಲಿಲ್ಲ. ಅಚ್ಚಿಗೆ ಹೋಗುವ ಹಿಂದಿನ ದಿನ ಓದಿದ ಒಬ್ಬ ವೈದ್ಯರು ಫೋನ್ ಮಾಡಿ, “ಈ ಸಾಲು ಹೀಗೇ ಇದೆಯಾ ಮೂಲದಲ್ಲಿ? ಒಂದು ಸಲ ನೋಡಿ” ಎಂದರು. ಫೈಲ್ ತೆರೆದು ನೋಡಿದೆ. ಆಗಲೂ ಮೊದಲ ನೋಟಕ್ಕೆ ‘ಕ್ಯಾಶುವಲ್’ ಎಂದೇ ಕಂಡಿತು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ ಮೇಲೆ ಯು ಮೊದಲು ಬಂದಿದೆ ಎಂದು ಗೊತ್ತಾಯಿತು. ಕೈಕಾಲು ತಣ್ಣಗಾದವು. ಆ ಪುಸ್ತಕ ಓದಿ ಯಾರಾದರೂ “ಓ, ಅಂಥದ್ದೇನೂ ಇಲ್ಲವಂತೆ” ಎಂದು ಸೇದುವುದನ್ನು ಮುಂದುವರಿಸಿದ್ದರೆ?

ಅವತ್ತಿನಿಂದ ಇಂಥ ಜೋಡಿಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಮೊದಲು ಭಯಕ್ಕೆ ಬರೆಯುತ್ತಿದ್ದೆ. ಬರೆಯುತ್ತಾ ಹೋದ ಹಾಗೆ ಅವುಗಳ ಮೇಲೆ ಪ್ರೀತಿ ಹುಟ್ಟಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಣ್ಣಿಗೆ ಮೋಸ ಮಾಡುವ ಜೋಡಿಗಳದ್ದೇ ಒಂದು ಗುಂಪು. ‘ಟ್ರಯಲ್’ ಮತ್ತು ‘ಟ್ರೇಲ್’. ‘ಏಂಜೆಲ್’ ಮತ್ತು ‘ಆಂಗಲ್’. ‘ಫಾರ್ಮ್’ ಮತ್ತು ‘ಫ್ರಮ್’. ‘ಕ್ವಯಟ್’ ಮತ್ತು ‘ಕ್ವೈಟ್’. ‘ಮ್ಯಾರಿಟಲ್’ ಮತ್ತು ‘ಮಾರ್ಷಲ್’, ಅಂದರೆ ಮದುವೆ ಮತ್ತು ಯುದ್ಧ. ಒಂದೊಂದು ಜೋಡಿಯಲ್ಲೂ ಇರುವುದು ಅವೇ ಅಕ್ಷರಗಳು, ಅಷ್ಟೇ ಅಕ್ಷರಗಳು. ಓದು ರೂಢಿಯಾದವರು ಪರಿಚಿತ ಪದವನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದುವುದಿಲ್ಲ, ಒಟ್ಟಿಗೆ ಗುರುತು ಹಿಡಿಯುತ್ತಾರೆ. ಹಾಗಾಗಿ ಜಾಸ್ತಿ ಬಳಕೆಯಲ್ಲಿರುವ ಪದ ಅಪರೂಪದ ಪದದ ಜಾಗಕ್ಕೆ ಬಂದು ಕೂತುಬಿಡುತ್ತದೆ. ‘ಕ್ಯಾಶುವಲ್’ ದಿನಾ ಕೇಳುವ ಪದ, ‘ಕಾಸಲ್’ ಎಲ್ಲೋ ಸಂಶೋಧನೆಯ ಬರಹದಲ್ಲಿ ಸಿಗುವ ಪದ. ಕಂಪ್ಯೂಟರಿನ ಸ್ಪೆಲ್‌ಚೆಕ್ ಇಲ್ಲಿ ಕೈಹಿಡಿಯುತ್ತದೆ ಎಂದು ನಂಬುವ ಹಾಗಿಲ್ಲ. ಎರಡೂ ನಿಘಂಟಿನಲ್ಲಿರುವ ಪದಗಳೇ ಆದ್ದರಿಂದ ಎಷ್ಟೋ ಸಲ ಕೆಂಪು ಗೆರೆಯೇ ಬೀಳುವುದಿಲ್ಲ.

ಈ ಜೋಡಿಗಳನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ‘ಏಂಜೆಲ್’, ‘ಆಂಗಲ್’. ಗೊಂದಲ ಮಾಯ. ಇಂಗ್ಲಿಷಿನಲ್ಲಿ ಅಂಟಿಕೊಂಡಿದ್ದವು ನಮ್ಮ ಲಿಪಿಯಲ್ಲಿ ದೂರ ದೂರ ನಿಂತುಬಿಟ್ಟವು, ಅಲ್ವಾ? ಆದರೆ ಇದರ ಉಲ್ಟಾ ಕೂಡ ಆಗುತ್ತದೆ. ಇಂಗ್ಲಿಷಿನಲ್ಲಿ ಬೇರೆಯಾಗಿ ಬರೆಯುವ ಎಷ್ಟೋ ಜೋಡಿಗಳು ಕನ್ನಡಕ್ಕೆ ಬಂದಾಗ ಒಂದೇ ಆಗಿಬಿಡುತ್ತವೆ. ‘ಸ್ಟೇಷನರಿ’ ಎಂದು ಬರೆದರೆ ಅದು ಪೆನ್ನು-ಪೇಪರೋ, ನಿಂತಲ್ಲೇ ನಿಂತದ್ದೋ? ‘ಪ್ರಿನ್ಸಿಪಲ್’ ಎಂದರೆ ತತ್ವವೋ, ಶಾಲೆಯ ಮುಖ್ಯಸ್ಥರೋ? ‘ಲೂಸ್’ ಎಂದರೆ ಸಡಿಲವೋ, ಕಳೆದುಕೊಳ್ಳುವುದೋ?

ಈ ಕೊನೆಯದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಾನು ನೋಡಿದ ಮಟ್ಟಿಗೆ ಅತಿ ಹೆಚ್ಚು ಸಲ ತಪ್ಪಾಗುವ ಪದ ಇದು. ಕಳೆದುಕೊಳ್ಳುವುದಕ್ಕೆ ಒಂದು ಓ, ಸಡಿಲಕ್ಕೆ ಎರಡು ಓ. ಮಾತಿನಲ್ಲಿ ಎರಡಕ್ಕೂ ಊಕಾರ ದೀರ್ಘವೇ. ವ್ಯತ್ಯಾಸ ಇರುವುದು ಕೊನೆಯ ದನಿಯಲ್ಲಿ. ಸಡಿಲದ್ದು ನಮ್ಮ ಸಕಾರ. ಕಳೆದುಕೊಳ್ಳುವುದರದ್ದು ‘ಝೂ’ ಎಂಬ ಪದದ ಮೊದಲಲ್ಲಿ ಬರುವ ಗುಂಯ್‌ಗುಡುವ ದನಿ. ಕನ್ನಡದ ಬಾಯಿಗೆ ಆ ದನಿ ಹುಟ್ಟಿನಿಂದ ಬಂದದ್ದಲ್ಲ. ಬರೆಯಬೇಕೆಂದರೆ ‘ಜ’ಕ್ಕೋ ‘ಝ’ಕ್ಕೋ ಕೆಳಗೆ ಚುಕ್ಕಿ ಇಡಬೇಕು. ಹಾಗಾಗಿ ನಮ್ಮ ಕಿವಿ ಎರಡನ್ನೂ ಒಂದೇ ಡಬ್ಬಿಗೆ ಹಾಕುತ್ತದೆ.

ಆದರೆ ಇಂಗ್ಲಿಷನ್ನೇ ತಾಯಿನುಡಿಯಾಗಿ ಆಡುವವರೂ ಇಲ್ಲೇ ಎಡವುತ್ತಾರೆ. ಅದಕ್ಕೆ ಕಾರಣ ಸ್ಪೆಲಿಂಗೇ. ಆರಿಸುವುದಕ್ಕೆ ‘ಚೂಸ್’. ಅದಕ್ಕೆ ಎರಡು ಓ. ಕಳೆದುಕೊಳ್ಳುವ ‘ಲೂಸ್’ ಅದಕ್ಕೆ ಪ್ರಾಸ. ಪ್ರಾಸ ಕೂಡುವ ಪದಕ್ಕೆ ಸ್ಪೆಲಿಂಗೂ ಕೂಡಬೇಕು ಎಂದು ಕೈ ತಾನಾಗಿ ಎರಡು ಓ ಹಾಕುತ್ತದೆ. ಮೂಗಿಗೆ ‘ನೋಸ್’, ಗುಲಾಬಿಗೆ ‘ರೋಸ್’. ಆ ಲೆಕ್ಕದಲ್ಲಿ ಒಂದು ಓ ಇದ್ದರೆ ‘ಲೋಸ್’ ಎಂದು ಓದಬೇಕಿತ್ತು. ಅಂದರೆ ಇಲ್ಲಿ ತಪ್ಪು ಬರೆಯುವವರು ನಿಯಮ ಮರೆತವರಲ್ಲ. ನಿಯಮವನ್ನು ನಿಯತ್ತಾಗಿ ಪಾಲಿಸಿದವರು. ಇಂಥ ತಪ್ಪು ಹುಡುಕಿ ನಗುವವರನ್ನು ಕಂಡರೆ ನನಗೆ ಬೇಸರವಾಗುವುದು ಇದಕ್ಕೇ.

ಇದೇ ಕೊನೆಯ ದನಿ ಇನ್ನೊಂದು ಕಡೆ ಸಹಾಯಕ್ಕೂ ಬರುತ್ತದೆ. ‘ಅಡ್ವೈಸ್’ ತಗೊಳ್ಳಿ. ಸಲಹೆ ಎಂಬ ನಾಮಪದಕ್ಕೆ ಸಿ, ಸಲಹೆ ಕೊಡುವುದು ಎಂಬ ಕ್ರಿಯಾಪದಕ್ಕೆ ಎಸ್. ಸಿ ಇದ್ದರೆ ಸಕಾರ, ಎಸ್ ಇದ್ದರೆ ಗುಂಯ್‌ಗುಡುವ ದನಿ. ‘ಪ್ರಾಕ್ಟೀಸ್’ ಮತ್ತು ‘ಲೈಸೆನ್ಸ್’ ವಿಷಯದಲ್ಲಿ ಕಿವಿಗೆ ಯಾವ ಸುಳಿವೂ ಸಿಗುವುದಿಲ್ಲ. ಬ್ರಿಟಿಷ್ ಬರವಣಿಗೆಯಲ್ಲಿ ಅವಕ್ಕೂ ಇದೇ ಕ್ರಮ: ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್. ಅಮೆರಿಕದವರು ‘ಪ್ರಾಕ್ಟೀಸ್’ಗೆ ಎರಡು ಕಡೆಯೂ ಸಿ, ‘ಲೈಸೆನ್ಸ್’ಗೆ ಎರಡು ಕಡೆಯೂ ಎಸ್ ಹಾಕುತ್ತಾರೆ. ಯಾರಿಗಾಗಿ ಬರೆಯುತ್ತಿದ್ದೀರಿ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಈಗ ನನಗೆ ಪ್ರೀತಿ ಹುಟ್ಟಿಸಿದ ಗುಂಪಿಗೆ ಬರುತ್ತೇನೆ. ಒಂದು ದಿನ ಅಕ್ಕನ ಮಗಳು ಪಕ್ಕದಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ‘ಸ್ಟೇಷನರಿ’ ಎಂದು ಎ ಹಾಕಿ ಬರೆದಳು, ರಬ್ಬರಿನಲ್ಲಿ ಒರೆಸಿದಳು, ಇ ಹಾಕಿದಳು, ಮತ್ತೆ ಒರೆಸಿದಳು. ಕಾಗದ ಅಲ್ಲೊಂದು ಕಡೆ ಸವೆದು ತೆಳ್ಳಗಾಗಿತ್ತು. “ಚಿಕ್ಕಮ್ಮ, ಹೇಳೋದು ಒಂದೇ ಥರ ಅಲ್ವಾ? ಮತ್ತೆ ಬರೆಯೋದು ಯಾಕೆ ಬೇರೆ ಬೇರೆ?” ಎಂದು ಕೇಳಿದಳು. ನಿಯಮ ಹೇಳಿ ಕಳಿಸಬಹುದಿತ್ತು. ಮನಸ್ಸು ಬರಲಿಲ್ಲ. ಅವಳು ಕೇಳಿದ್ದು ನಿಜವಾದ ಪ್ರಶ್ನೆ.

ಇಬ್ಬರೂ ಡಿಕ್ಷನರಿ ತೆರೆದು ಕೂತೆವು. ನಡುಗಾಲದ ಯುರೋಪಿನಲ್ಲಿ ಬಹಳಷ್ಟು ವ್ಯಾಪಾರಿಗಳು ಊರೂರು ಸುತ್ತಿ ಮಾರುತ್ತಿದ್ದರು. ಒಂದೇ ಕಡೆ ಅಂಗಡಿ ಇಟ್ಟು ಕೂತವರು ಕಡಿಮೆ. ಹಾಗೆ ನೆಲೆ ನಿಂತವರಲ್ಲಿ ಪುಸ್ತಕ ಮಾರುವವರು ಮುಖ್ಯರು, ವಿಶ್ವವಿದ್ಯಾಲಯಗಳ ಹತ್ತಿರ ಅವರ ಅಂಗಡಿಗಳಿರುತ್ತಿದ್ದವು. ನೆಲೆ ನಿಂತವನು ಎಂಬ ಅರ್ಥದಲ್ಲಿ ಅವರಿಗೆ ಲ್ಯಾಟಿನ್ನಿನಲ್ಲಿ ‘ಸ್ಟೇಷನೇರಿಯಸ್’ ಎಂಬ ಹೆಸರು ಬಂತು. ಇಂಗ್ಲಿಷಿನಲ್ಲಿ ಅವರು ‘ಸ್ಟೇಷನರ್’ ಆದರು. 1557ರಲ್ಲಿ ಲಂಡನ್ನಿನ ಸ್ಟೇಷನರ್‌ಗಳ ಸಂಘಕ್ಕೆ ರಾಜಮನೆತನದ ಸನದು ಸಿಕ್ಕಿತು. ಅವರು ಮಾರುವ ಕಾಗದ, ಶಾಯಿ, ಲೇಖನಿ ಎಲ್ಲ ಸೇರಿ ‘ಸ್ಟೇಷನರಿ’. ಅಂದರೆ ನಿಂತಲ್ಲೇ ನಿಂತದ್ದು ಮತ್ತು ಪೆನ್ನು-ಪೇಪರು, ಎರಡೂ ಹುಟ್ಟಿದ್ದು ಒಂದೇ ಬೇರಿನಿಂದ. ‘ಸ್ಟೇಷನರ್’ ಎಂಬ ಮನುಷ್ಯನ ಹೆಸರಿನ ಕೊನೆಯಲ್ಲಿ ಇ-ಆರ್ ಇದೆ, ‘ಪೇಪರ್’ ಕೊನೆಯಲ್ಲೂ ಇದೆ. ಆ ಇ ಪೇಪರಿನ ಕಡೆಗೆ ಹೋಯಿತು. ಅಕ್ಕನ ಮಗಳು ಮತ್ತೆ ಆ ಪದವನ್ನು ಒರೆಸಿದ್ದನ್ನು ನಾನು ನೋಡಿಲ್ಲ.

ನೋಟ್‌ಬುಕ್ಕಿನ ಪುಟ ತಿರುಗಿಸಿದರೆ ಇಂಥ ಅಣ್ಣತಮ್ಮಂದಿರೇ ಸಿಗುತ್ತಾರೆ. ಹೂವಿನ ‘ಫ್ಲವರ್’ ಮತ್ತು ಹಿಟ್ಟಿನ ‘ಫ್ಲೌರ್’ ಮೊದಲು ಒಂದೇ ಪದ. ಬೀಸಿದ ಕಾಳಿನಲ್ಲಿ ಎಲ್ಲಕ್ಕಿಂತ ನಯವಾದ, ಶ್ರೇಷ್ಠವಾದ ಭಾಗವನ್ನು ಅದರ ಹೂವು ಎಂದು ಕರೆದರು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ದೊಡ್ಡ ನಿಘಂಟು ತಂದಾಗಲೂ ಇವೆರಡನ್ನು ಬೇರೆ ಬೇರೆ ಸ್ಪೆಲಿಂಗಿನ ಪದಗಳಾಗಿ ಕೊಟ್ಟಿರಲಿಲ್ಲ. ‘ದೆನ್’ ಮತ್ತು ‘ದ್ಯಾನ್’ ಕೂಡ ಹಿಂದೆ ಒಂದೇ. ಲೋಹದ ‘ಮೆಟಲ್’ ಮತ್ತು ಕೆಚ್ಚು ಎಂಬ ಅರ್ಥದ ‘ಮೆಟಲ್’ ಒಂದೇ. ಗುಟ್ಟು ಕಾಯುವವನಿಗೆ ಹೇಳುವ ‘ಡಿಸ್ಕ್ರೀಟ್’ ಮತ್ತು ಬಿಡಿಬಿಡಿಯಾದದ್ದಕ್ಕೆ ಹೇಳುವ ‘ಡಿಸ್ಕ್ರೀಟ್’, ಎರಡೂ ಬೇರ್ಪಡಿಸಿ ನೋಡು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದವು. ಯಾವ ಮಾತು ಎಲ್ಲಿ ಆಡಬೇಕು ಎಂದು ಬೇರ್ಪಡಿಸಿ ತಿಳಿದವನು ಮೊದಲನೆಯವನು. ಎರಡನೆಯದರಲ್ಲಿ ಎರಡು ಇಗಳ ನಡುವೆ ಟಿ ನಿಂತಿದೆ, ಅವನ್ನು ಬಿಡಿಬಿಡಿ ಮಾಡಿ. ಆ ಟಿ ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಆದರೆ ಅವಳ ಪ್ರಶ್ನೆಗೆ ಇನ್ನೊಂದು ಮುಖ ಇದೆ. ದನಿ ಒಂದೇ ಆದಮೇಲೆ ಬರಹವೂ ಒಂದೇ ಆಗಬೇಕಲ್ಲ? ಕನ್ನಡದಲ್ಲಿ ಹಾಗೇ ಆಯಿತು. ಹಳಗನ್ನಡದಲ್ಲಿ ಎರಡು ರಕಾರ ಇದ್ದವು, ಸಾಮಾನ್ಯ ‘ರ’ ಮತ್ತು ಶಕಟರೇಫ ಎಂದು ಕರೆಯುವ ‘ಱ’. ಹೆಸರು ಹಿಡಿದು ಕರೆಯುವುದು ‘ಕರೆ’. ಹಾಲು ಕರೆಯುವುದು ‘ಕಱೆ’. ಎರಡು ದನಿ, ಎರಡು ಅಕ್ಷರ. ಕಾಲ ಹೋದಂತೆ ದನಿಗಳು ಬೆರೆತವು. ಅಕ್ಷರವನ್ನೂ ಬಿಟ್ಟೆವು. ಈಗ ಮಗುವನ್ನು ಕರೆಯುವುದು, ಹಾಲು ಕರೆಯುವುದು ಎರಡೂ ‘ಕರೆ’. ಯಾರಿಗೂ ಗೊಂದಲ ಇಲ್ಲ. ಸಾಲು ಓದಿದರೆ ಗೊತ್ತಾಗುತ್ತದೆ.

ಇಂಗ್ಲಿಷ್ ಬೇರೆ ದಾರಿ ಹಿಡಿಯಿತು. ವಿಲಿಯಂ ಕ್ಯಾಕ್ಸ್ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ಇಟ್ಟದ್ದು 1476ರಲ್ಲಿ. ಆ ಹೊತ್ತಿಗೆ ಇಂಗ್ಲಿಷಿನ ದೀರ್ಘ ಸ್ವರಗಳು ಬಾಯಲ್ಲಿ ಜಾಗ ಬದಲಿಸತೊಡಗಿದ್ದವು. ಆ ಬದಲಾವಣೆ ಮುಗಿಯಲು ಇನ್ನೂ ಇನ್ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಅಚ್ಚಾದ ಸ್ಪೆಲಿಂಗ್ ಮಾತ್ರ ನಿಧಾನವಾಗಿ ಗಟ್ಟಿಯಾಗುತ್ತಾ ಹೋಯಿತು. ಸಮುದ್ರಕ್ಕೆ ‘ಸೀ’, ನೋಡುವುದಕ್ಕೂ ‘ಸೀ’. ಮಾಂಸಕ್ಕೆ ‘ಮೀಟ್’, ಭೇಟಿಗೂ ‘ಮೀಟ್’. ಒಂದಕ್ಕೆ ಇ-ಎ, ಇನ್ನೊಂದಕ್ಕೆ ಇ-ಇ. ಹಿಂದೆ ಇವುಗಳ ದನಿ ಬೇರೆಯೇ ಇತ್ತು. ದನಿ ಒಂದಾಯಿತು, ಬರಹ ಉಳಿಯಿತು. ಅಂದರೆ ಅವರು ತಮ್ಮ ‘ಱ’ವನ್ನು ಬಿಡದೆ ಇಟ್ಟುಕೊಂಡರು. ಇದನ್ನು ಅಕ್ಕನ ಮಗಳಿಗೆ ಹೇಳಿದೆ. ಅವಳು ‘ಕಱೆ’ ಎಂದು ಬರೆದು ಬಹಳ ಹೊತ್ತು ಅದನ್ನೇ ನೋಡಿದಳು.

ಯಾವ ದಾರಿ ಒಳ್ಳೆಯದು? ನನ್ನ ಮನಸ್ಸು ಕನ್ನಡದ ಕಡೆಗೇ ವಾಲುತ್ತದೆ. ಕಲಿಯುವ ಮಗುವಿನ ಹೆಗಲ ಮೇಲೆ ಐನೂರು ವರ್ಷದ ಹೊರೆ ಹಾಕುವುದು ಕಷ್ಟದ ಸಂಗತಿ. ಆದರೂ ಮೌನವಾಗಿ ಓದುವಾಗ ಕಣ್ಣಿಗೇ ಅರ್ಥ ಹೊಳೆಯುವ ಸುಖ ಇಂಗ್ಲಿಷಿನಲ್ಲಿದೆ. ಅದನ್ನು ಇಲ್ಲ ಅನ್ನಲಾರೆ.

‘ಅಫೆಕ್ಟ್’ ಮತ್ತು ‘ಎಫೆಕ್ಟ್’ ಬಗ್ಗೆ ಎಲ್ಲರೂ ಹೇಳುವುದು ಮೊದಲನೆಯದು ಕ್ರಿಯಾಪದ, ಎರಡನೆಯದು ನಾಮಪದ ಎಂದು. ಬಹುಪಾಲು ಸರಿ. ಆದರೆ ‘ಎಫೆಕ್ಟ್’ ಕ್ರಿಯಾಪದವಾಗಿ ಬಂದರೆ ಆಗಮಾಡು, ಜಾರಿಗೆ ತರು ಎಂಬ ಅರ್ಥ. ಮನಃಶಾಸ್ತ್ರದವರು ‘ಅಫೆಕ್ಟ್’ ಅನ್ನು ನಾಮಪದವಾಗಿ, ತೋರಿಬರುವ ಭಾವ ಎಂಬ ಅರ್ಥದಲ್ಲಿ ಬಳಸುತ್ತಾರೆ. ವ್ಯಾಕರಣದ ನಿಯಮ ಇಲ್ಲಿ ಕೈಕೊಡುತ್ತದೆ. ನನಗೆ ಕನ್ನಡವೇ ಕೈಹಿಡಿಯಿತು. ಆ ಜಾಗದಲ್ಲಿ ‘ತಟ್ಟಿತು’ ಎಂದು ಇಟ್ಟು ನೋಡುತ್ತೇನೆ. ಕೂತರೆ ಎ. ‘ಪರಿಣಾಮ’ ಕೂತರೆ ಇ. ‘ದೆನ್’, ‘ದ್ಯಾನ್’ ಬಂದಾಗ ‘ಆಮೇಲೆ’ ಮತ್ತು ‘ಗಿಂತ’. ‘ಕಳೆದುಕೊ’ ಬಂದರೆ ಒಂದು ಓ, ‘ಸಡಿಲ’ ಬಂದರೆ ಎರಡು. ‘ಕಾಂಪ್ಲಿಮೆಂಟ್’ ಬಂದಾಗ ‘ಹೊಗಳಿಕೆ’ಯಾದರೆ ನಡುವೆ ಐ, ‘ಪೂರಕ’ವಾದರೆ ಇ. ತಾಯಿನುಡಿಯಲ್ಲಿ ಅರ್ಥ ಇಟ್ಟು ನೋಡುವ ಈ ರೂಢಿ ಯಾವ ಪಟ್ಟಿಗಿಂತಲೂ ನನ್ನ ಜೊತೆ ಹೆಚ್ಚು ಕಾಲ ಉಳಿದಿದೆ.

ಸ್ವಲ್ಪ ಹುಷಾರಾಗಿರಬೇಕಾದ ಜೋಡಿಗಳೂ ಇವೆ. ‘ಪ್ರಿಸ್ಕ್ರೈಬ್’ ಎಂದರೆ ಇದನ್ನು ಮಾಡು, ಈ ಔಷಧ ತಗೋ ಎಂದು ಬರೆದುಕೊಡುವುದು. ‘ಪ್ರೊಸ್ಕ್ರೈಬ್’ ಎಂದರೆ ನಿಷೇಧಿಸುವುದು. ಎರಡರ ಹೊಟ್ಟೆಯಲ್ಲೂ ಬರೆ ಎಂಬ ಲ್ಯಾಟಿನ್ ಪದವೇ ಇದೆ. ಕ್ರಿಸ್ತಪೂರ್ವ 82ರಲ್ಲಿ ರೋಮಿನಲ್ಲಿ ಸುಲ್ಲಾ ಎಂಬ ಸೇನಾನಿ ತನ್ನ ಶತ್ರುಗಳ ಹೆಸರು ಬರೆಸಿ ಎಲ್ಲರಿಗೂ ಕಾಣುವಂತೆ ಹಾಕಿಸಿದ. ಪಟ್ಟಿಯಲ್ಲಿ ಹೆಸರಿದ್ದವರ ಜೀವಕ್ಕೂ ಆಸ್ತಿಗೂ ಕಾನೂನಿನ ರಕ್ಷಣೆ ಇರಲಿಲ್ಲ. ‘ಪ್ರೊಸ್ಕ್ರೈಬ್’ ಹಿಂದೆ ಇರುವುದು ಅಂಥ ಬರವಣಿಗೆ.

ಔಷಧದ ಮಾತು ಬಂತು. ಇಲ್ಲಿ ಒಂದು ಅಕ್ಷರದ ತೂಕವೇ ಬೇರೆ. ‘ಹೈಪೋ’ ಎಂದರೆ ಕಡಿಮೆ, ‘ಹೈಪರ್’ ಎಂದರೆ ಜಾಸ್ತಿ. ರಕ್ತದಲ್ಲಿ ಸಕ್ಕರೆ ಇಳಿದರೆ ‘ಹೈಪೋಗ್ಲೈಸೀಮಿಯ’, ಏರಿದರೆ ‘ಹೈಪರ್‌ಗ್ಲೈಸೀಮಿಯ’. ಒಂದಕ್ಕೆ ತಕ್ಷಣ ಸಕ್ಕರೆ ಕೊಡಬೇಕು, ಇನ್ನೊಂದಕ್ಕೆ ಸಕ್ಕರೆ ಇಳಿಸಬೇಕು. ಇಂಥ ಪದ ಬಂದಾಗ ನಾನು ಮೂಲವನ್ನು ಗಟ್ಟಿಯಾಗಿ ಓದುತ್ತೇನೆ.

ಔಷಧಗಳ ಹೆಸರುಗಳೇ ಒಂದನ್ನೊಂದು ಹೋಲುತ್ತವೆ. ‘ಹೈಡ್ರಾಕ್ಸಿಜಿನ್’ ಅಲರ್ಜಿಯ ತುರಿಕೆಗೆ ಕೊಡುವ ಔಷಧ. ‘ಹೈಡ್ರಾಲಜಿನ್’ ರಕ್ತದೊತ್ತಡ ಇಳಿಸುವ ಔಷಧ. ಇಂಗ್ಲಿಷಿನಲ್ಲಿ ಎರಡೂ 11 ಅಕ್ಷರ. ಮೊದಲ 4 ಒಂದೇ, ಕೊನೆಯ 4 ಒಂದೇ. ನಡುವಿನ 3 ಅಕ್ಷರ ಮಾತ್ರ ಬೇರೆ. ಕಪಾಟಿನಲ್ಲಿ ಅಕಾರಾದಿಯಾಗಿ ಜೋಡಿಸಿದರೆ ಇವು ಅಕ್ಕಪಕ್ಕದಲ್ಲೇ ಕೂರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2001ರಲ್ಲಿ ಇಂಥ ಹೆಸರುಗಳನ್ನು ಕಣ್ಣಿಗೆ ಬೇರೆಯಾಗಿ ಕಾಣಿಸುವ ಕೆಲಸಕ್ಕೆ ಕೈಹಾಕಿತು. ಹೆಸರಿನಲ್ಲಿ ಬೇರೆಯಾಗುವ ಭಾಗವನ್ನು ಮಾತ್ರ ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕುವುದು. ಇದಕ್ಕೆ ‘ಟಾಲ್ ಮ್ಯಾನ್’ ಅಕ್ಷರ ಎಂದು ಹೆಸರು. ಅದಕ್ಕೂ ಮೊದಲು, 1990ರಲ್ಲಿ, ಅಲ್ಲಿ ಹೊಟ್ಟೆಯ ಆಮ್ಲಕ್ಕೆ ಕೊಡುವ ‘ಲೋಸೆಕ್’ನ ಹೆಸರನ್ನೇ ‘ಪ್ರಿಲೋಸೆಕ್’ ಎಂದು ಬದಲಿಸಿದರು. ದೇಹದ ನೀರು ಇಳಿಸುವ ‘ಲೇಸಿಕ್ಸ್’ ಜೊತೆ ಅದು ಗೊಂದಲವಾಗುತ್ತಿತ್ತು.

ಇದು ನನಗೆ ತುಂಬಾ ಹಿಡಿಸಿದ ಸಂಗತಿ. ಸರಿಯಾಗಿ ಓದು ಎಂದು ಯಾರನ್ನೂ ಬೈಯಲಿಲ್ಲ. ಕಣ್ಣು ಎಡವುತ್ತದೆ ಎಂದು ಒಪ್ಪಿಕೊಂಡು ಅಕ್ಷರವನ್ನೇ ತಿದ್ದಿದರು.

ನಾನೂ ಈಗ ಅದನ್ನೇ ಮಾಡುತ್ತೇನೆ. ಅನುವಾದ ಶುರು ಮಾಡುವ ಮುಂಚೆ ಮೂಲದ ಫೈಲಿನಲ್ಲಿ ನೋಟ್‌ಬುಕ್ಕಿನ ಜೋಡಿಗಳನ್ನು ಒಂದೊಂದಾಗಿ ಸರ್ಚ್ ಮಾಡಿ ಬಣ್ಣ ಹಾಕುತ್ತೇನೆ. ‘ಕಾಸಲ್’ಗೆ ಹಳದಿ, ‘ಕ್ಯಾಶುವಲ್’ಗೆ ಹಸಿರು. ಕಾಲು ಗಂಟೆಯ ಕೆಲಸ.

ಹೋದ ವಾರ ಒಂದು ವರದಿ ಬಂತು. ಬಣ್ಣ ಹಾಕಿದೆ. ಏಳು ಕಡೆ ಹಳದಿ, ಒಂದು ಕಡೆ ಹಸಿರು. ಆ ಹಸಿರಿನ ಸಾಲು ಮೂರು ಸಲ ಓದಿದೆ. ಅರ್ಥ ಕೂಡಲಿಲ್ಲ. ಹಿಂದಿನ ಪುಟದಲ್ಲಿ ಹೇಳಿದ್ದೇ ಬೇರೆ. ಈ ಸಲ ಅಕ್ಷರಗಳು ಜಾಗ ಬದಲಿಸಿದ್ದು ಮೂಲದಲ್ಲೇ. ಬರೆದವರಿಗೆ ಮೇಲ್ ಹಾಕಿದೆ, ಪುಟದ ಸಂಖ್ಯೆ, ಸಾಲಿನ ಸಂಖ್ಯೆ ಕೊಟ್ಟು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಅದನ್ನು ನಾಲ್ಕು ಜನ ಓದಿದ್ದರಂತೆ.